ಒಳಚರಂಡಿಗೆ ದೂರಿನ ಪುಸ್ತಕ ಸಾಲದು, ಪಂಚಾಂಗವೂ ಬೇಕು

ನಮ್ಮ ಕರಾವಳಿಯ ಊರುಗಳಲ್ಲಿ ಒಳಚರಂಡಿಯ ಕೆಲಸ ಶುರುವಾಗುವುದು ಫೋನಿನಿಂದ. ರಸ್ತೆಯಲ್ಲಿ ಕೊಳಚೆ ಉಕ್ಕುತ್ತದೆ, ಯಾರೋ ವಾರ್ಡಿನ ಸದಸ್ಯರಿಗೆ ಹೇಳುತ್ತಾರೆ, ಸದಸ್ಯರು ಎಂಜಿನಿಯರಿಗೆ ಹೇಳುತ್ತಾರೆ, ಲಾರಿ ಬರುತ್ತದೆ, ನೀರು ಇಳಿಯುತ್ತದೆ, ದೂರಿನ ಮುಂದೆ ‘ಪರಿಹರಿಸಲಾಗಿದೆ’ ಎಂದು ಬರೆಯುತ್ತಾರೆ. ಕೆಲವು ತಿಂಗಳಿಗೆ ಮತ್ತೆ ಅದೇ ಮುಚ್ಚಳ, ಅದೇ ಫೋನು. ಕಿರಿಯ ಎಂಜಿನಿಯರಾಗಿ ಮೊದಲು ಕಾರವಾರದ ಕಡೆ, ಆಮೇಲೆ ಘಟ್ಟ ಹತ್ತಿ ಶಿರಸಿಯ ಕಡೆ ಇದೇ ಕೆಲಸ ಮಾಡಿ ನಿವೃತ್ತನಾದವನು ನಾನು. ಹೊಸದಾಗಿ ಕೆಲಸಕ್ಕೆ ಸೇರಿದವರು ಈಗಲೂ ಬಂದು ಎಲ್ಲಿಂದ ಶುರು ಮಾಡಬೇಕೆಂದು ಕೇಳುತ್ತಾರೆ. ವಾರ್ಡ್ ಸಮಿತಿಯವರೂ ಕೇಳುತ್ತಾರೆ. ದೂರು ಬಂದ ಮೇಲೆ ಓಡುವುದನ್ನು ಕಡಿಮೆ ಮಾಡಿ, ಮಳೆ ಮತ್ತು ಉಬ್ಬರ ಇಳಿತದ ಲೆಕ್ಕ ಹಿಡಿದು ಮೊದಲೇ ಹೋಗಿ ಎನ್ನುತ್ತೇನೆ. ಹೇಗೆ ಹೋಗಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮುಚ್ಚಳ ಸಿಗಬೇಕು

ಕಚೇರಿಯ ಕಪಾಟಿನಲ್ಲಿ ಒಂದು ನಕ್ಷೆ ಇರುತ್ತದೆ. ಕೊಳವೆ ಎಲ್ಲಿ ಹಾಕಬೇಕೆಂದುಕೊಂಡಿದ್ದರೋ ಅದನ್ನು ಆ ನಕ್ಷೆ ಹೇಳುತ್ತದೆ. ಎಲ್ಲಿ ಹಾಕಿದರು ಎಂಬುದನ್ನು ಬೀದಿಯೇ ಹೇಳಬೇಕು. ಆದ್ದರಿಂದ ನಕ್ಷೆ ಹಿಡಿದು ಬೀದಿ ಬೀದಿ ನಡೆಯಿರಿ. ಪ್ರತಿ ಮ್ಯಾನ್‌ಹೋಲಿಗೆ ಒಂದು ಸಂಖ್ಯೆ ಕೊಡಿ. ಅದರ ಆಳ, ಕೊಳವೆಯ ವ್ಯಾಸ, ಕೊಳವೆ ಸ್ಟೋನ್‌ವೇರೋ (ಸುಟ್ಟ ಜೇಡಿಮಣ್ಣಿನದು) ಆರ್‌ಸಿಸಿಯೋ (ಕಬ್ಬಿಣ ಹಾಕಿದ ಕಾಂಕ್ರೀಟಿನದು) ಪಿವಿಸಿಯೋ, ನೀರು ಎಷ್ಟು ಕಡೆಯಿಂದ ಬಂದು ಎತ್ತ ಹೋಗುತ್ತದೆ, ಇಷ್ಟು ಬರೆದುಕೊಳ್ಳಿ. ಆಳ ನೋಡಲು ಅಡಿ ಗುರುತು ಹಾಕಿದ ಉದ್ದನೆಯ ಕೋಲು ಸಾಕು. ತಳದ ಹೂಳು ಎಷ್ಟು ದಪ್ಪ ಇದೆಯೆಂಬುದೂ ಅದೇ ಕೋಲಿನಲ್ಲಿ ತಿಳಿಯುತ್ತದೆ: ಮೆತ್ತಗೆ ತಾಗಿದಲ್ಲಿ ಒಂದು ಅಳತೆ, ಒತ್ತಿ ಗಟ್ಟಿ ತಳ ಸಿಕ್ಕಿದಲ್ಲಿ ಇನ್ನೊಂದು.

ರಸ್ತೆಗೆ ಹೊಸ ಡಾಂಬರು ಬಿದ್ದರೆ ಮುಚ್ಚಳಗಳು ಕಾಣೆಯಾಗುತ್ತವೆ. ಗುತ್ತಿಗೆದಾರರಿಗೆ ರಸ್ತೆ ನುಣ್ಣಗೆ ಕಾಣಬೇಕು, ನಮಗೆ ಮುಚ್ಚಳ ಕಾಣಬೇಕು. ಈ ಜಗಳ ಇಂದು ನಿನ್ನೆಯದಲ್ಲ. ಮೊಬೈಲಿನ ಜಿಪಿಎಸ್ ಗುರುತು ಹಲವು ಮೀಟರ್ ಆಚೀಚೆ ತೋರಿಸುವುದರಿಂದ ಅದನ್ನು ನಂಬಿದರೆ ರಸ್ತೆಯಿಡೀ ಅಗೆಯಬೇಕಾದೀತು. ಅದರ ಬದಲು ಪ್ರತಿ ಮುಚ್ಚಳಕ್ಕೂ ಎರಡು ಸ್ಥಿರ ಗುರುತುಗಳಿಂದ ಟೇಪು ಹಿಡಿದು ದೂರ ಬರೆದಿಡಿ: ಒಂದು ಕಂಪೌಂಡಿನ ಮೂಲೆ, ಒಂದು ಮೋರಿಯ ಕಟ್ಟೆ. ಎರಡೂ ಅಳತೆ ಕೂಡುವಲ್ಲಿ ಹಾರೆ ಹಾಕಿದರೆ ಮುಚ್ಚಳವೇ ಸಿಗುತ್ತದೆ. ವಿದ್ಯುತ್ ಕಂಬವನ್ನು ಗುರುತಾಗಿ ಇಟ್ಟುಕೊಳ್ಳಬೇಡಿ. ಹೆದ್ದಾರಿ ಅಗಲ ಮಾಡುವಾಗ ಕಾರವಾರ, ಅಂಕೋಲಾ ಕಡೆ ಕಂಬಗಳೆಲ್ಲ ಹೇಗೆ ಜಾಗ ಬದಲಿಸಿದವು ಎಂಬುದನ್ನು ನೋಡಿದ್ದೇವೆ. ಯಾವುದೇ ರಸ್ತೆಯ ಅಂದಾಜು ಪಟ್ಟಿ ನಿಮ್ಮ ಮೇಜಿಗೆ ಬಂದರೆ, ಡಾಂಬರಿನ ಕೊನೆಯ ಪದರಕ್ಕೆ ಮೊದಲು ಮುಚ್ಚಳದ ಚೌಕಟ್ಟು ಎತ್ತರಿಸುವ ಬಾಬ್ತು ಅದರಲ್ಲಿದೆಯೇ ಎಂದು ನೋಡಿ.

ಒಳಗೆ ಇಳಿಯುವ ಮಾತೇ ಇಲ್ಲ

ಈ ವಿಷಯದಲ್ಲಿ ನನಗೆ ತಾಳ್ಮೆ ಇಲ್ಲ. ‘ಐದು ನಿಮಿಷದ ಕೆಲಸ, ಅವನಿಗೆ ಅಭ್ಯಾಸ ಇದೆ’ ಎನ್ನುವವರನ್ನು ಮುಚ್ಚಳದ ಬಳಿಗೂ ಬಿಡಬೇಡಿ. ಕೊಳಚೆಯಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಗುಂಡಿಯ ತಳದಲ್ಲಿ ಕೂತಿರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹತ್ತು ಲಕ್ಷದಲ್ಲಿ ನೂರು ಭಾಗ ದಾಟಿದರೆ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಅಂದರೆ ವಾಸನೆ ಹೋಯಿತೆಂದು ಧೈರ್ಯ ಬರುವ ಹೊತ್ತಿಗೆ ಅಪಾಯ ಹೆಚ್ಚಿರುತ್ತದೆ. ಜೊತೆಗೆ ಮೀಥೇನ್ ಇರುತ್ತದೆ, ಆಮ್ಲಜನಕ ಕಡಿಮೆ ಇರುತ್ತದೆ. ಒಬ್ಬ ಕುಸಿದರೆ ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಅಂಥ ಸಂದರ್ಭ ಬಂದರೆ ಕೆಳಗೆ ಯಾರೂ ಇಳಿಯದೆ 112ಕ್ಕೆ ಕರೆ ಮಾಡಿ, ಅಗ್ನಿಶಾಮಕ ದಳ ಬರಲಿ.

ಕಾನೂನು ಸ್ಪಷ್ಟವಾಗಿದೆ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಒಬ್ಬರನ್ನು ಚರಂಡಿಯೊಳಗೋ ಮಲದ ಗುಂಡಿಯೊಳಗೋ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವು ಸಂಭವಿಸಿದರೆ ಕುಟುಂಬಕ್ಕೆ ಹತ್ತು ಲಕ್ಷ ಪರಿಹಾರವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2023ರ ಅಕ್ಟೋಬರ್‌ನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಈ ಕಾನೂನು ಮನೆಯ ಸೆಪ್ಟಿಕ್ ಟ್ಯಾಂಕಿಗೂ ಅನ್ವಯಿಸುತ್ತದೆ ಎಂಬುದನ್ನು ಮನೆ ಮಾಲೀಕರಿಗೂ ತಿಳಿಸಿ.

ಮೇಲೆ ನಿಂತು ಮಾಡುವ ಕೆಲಸಕ್ಕೂ ಕ್ರಮವಿದೆ. ಮುಚ್ಚಳವನ್ನು ಬೆರಳು ತೂರಿಸಿ ಎತ್ತಬೇಡಿ, ಕೊಕ್ಕೆ ಹಾಕಿ ಎತ್ತಿ. ಕೆಲಸದ ಮ್ಯಾನ್‌ಹೋಲಿನ ಜೊತೆಗೆ ಅದರ ಹಿಂದಿನದನ್ನೂ ಮುಂದಿನದನ್ನೂ ತೆರೆದು, ಒಂದು ಗಂಟೆ ಗಾಳಿಗೆ ಬಿಟ್ಟು, ಸುತ್ತ ಅಡ್ಡಗಟ್ಟಿ. ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು. ಮಳೆಗಾಲದಲ್ಲಿ ಇಲಿಜ್ವರದ ಭಯ ನಮ್ಮ ಜಿಲ್ಲೆಗೆ ಹೊಸದಲ್ಲ. ಬೂಟು, ಕೈಗವಸು ಇಲ್ಲದವರಿಗೆ ಕೆಲಸ ಕೊಡಬೇಡಿ, ಕಾಲಿನಲ್ಲಿ ಗಾಯವಿದ್ದವರನ್ನು ಅಂದು ಬೇರೆ ಕೆಲಸಕ್ಕೆ ಹಾಕಿ. ಧನುರ್ವಾಯು, ಕಾಮಾಲೆ, ಟೈಫಾಯಿಡ್ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ ವರ್ಷದ ಆರಂಭದಲ್ಲೇ ಮುಗಿಸಿ.

ಕಟ್ಟಿದ್ದು ಎಲ್ಲಿ?

ಉಕ್ಕುವ ಮ್ಯಾನ್‌ಹೋಲಿನಲ್ಲಿ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ತೊಂದರೆ ಅದರ ಮುಂದೆ ಇರುತ್ತದೆ. ನೀರು ಹರಿಯುವ ದಿಕ್ಕಿನಲ್ಲಿ ಒಂದೊಂದೇ ಮುಚ್ಚಳ ತೆರೆಯುತ್ತ ಹೋಗಿ. ತುಂಬಿ ನಿಂತದ್ದು ಮುಗಿದು, ತಳ ಕಾಣುವ ಮೊದಲ ಮ್ಯಾನ್‌ಹೋಲ್ ಎಲ್ಲಿ ಸಿಗುತ್ತದೋ ಅಲ್ಲಿ ನಿಲ್ಲಿ. ಕೊನೆಯ ತುಂಬಿದ್ದಕ್ಕೂ ಮೊದಲ ಖಾಲಿಯಿದ್ದಕ್ಕೂ ನಡುವೆ ಕೊಳವೆ ಕಟ್ಟಿದೆ.

ಜೋರು ಒತ್ತಡದಲ್ಲಿ ನೀರು ಚಿಮ್ಮಿಸುವ ಜೆಟ್ಟಿಂಗ್ ಯಂತ್ರವನ್ನು ಖಾಲಿ ಇರುವ ಕೆಳಗಿನ ಮ್ಯಾನ್‌ಹೋಲಿನ ಬಳಿ ನಿಲ್ಲಿಸಿ, ಪೈಪಿನ ಮೂತಿಯನ್ನು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಕಳಿಸಿ. ಮೂತಿಯ ಹಿಂಬದಿಯ ತೂತುಗಳಿಂದ ಚಿಮ್ಮುವ ನೀರು ಅದನ್ನು ಮುಂದಕ್ಕೆ ತಳ್ಳುತ್ತದೆ, ವಾಪಸ್ ಎಳೆಯುವಾಗ ಹೂಳನ್ನು ನಿಮ್ಮ ಕಡೆಗೆ ತರುತ್ತದೆ. ತಂದದ್ದನ್ನು ಅಲ್ಲೇ ಹಿಡಿಯಬೇಕು. ಹೊರಹೋಗುವ ಕೊಳವೆಯ ಬಾಯಿಗೆ ಮೇಲಿನಿಂದಲೇ ಒಂದು ಕಬ್ಬಿಣದ ಜಾಳಿಗೆ ಇಳಿಸಿ, ಬಂದ ಉಸುಕು, ಬಟ್ಟೆ, ಪ್ಲಾಸ್ಟಿಕನ್ನು ಸಕ್ಷನ್ ಲಾರಿಗೆ ಎಳೆಸಿ. ಇಲ್ಲದಿದ್ದರೆ ಈ ಬೀದಿಯ ಕಸವನ್ನು ಪಕ್ಕದ ಬೀದಿಗೆ ದಾಟಿಸಿದಂತಾಗುತ್ತದೆ, ನಾಳೆ ಅಲ್ಲಿಂದ ಫೋನು ಬರುತ್ತದೆ. ಹಳೆಯ ಸ್ಟೋನ್‌ವೇರ್ ಕೊಳವೆಯಲ್ಲಿ ಪೂರ್ತಿ ಒತ್ತಡ ಕೊಡಬೇಡಿ. ಸಿಮೆಂಟಿನ ಜೋಡಣೆ ಎದ್ದುಹೋದೀತು. ಕಡಿಮೆ ಒತ್ತಡದಲ್ಲಿ ಎರಡು ಮೂರು ಸಲ ಓಡಿಸಿ. ಯಂತ್ರ ಚಾಲೂ ಮಾಡುವ ಮೊದಲು ಆ ಸಾಲಿನ ಮನೆಗಳಿಗೆ ಹೇಳಿ ಕಮೋಡಿನ ಮುಚ್ಚಳ ಹಾಕಿಸಿ, ಬಚ್ಚಲಿನ ಜಾಲರಿಯ ಮೇಲೆ ಒದ್ದೆ ಗೋಣಿ ಇಡಿಸಿ. ಜೆಟ್ಟಿನ ಗಾಳಿ ಮನೆಯೊಳಗೆ ನುಗ್ಗಿ ಬಚ್ಚಲಿನ ಗೋಡೆಗೆಲ್ಲ ಸಿಡಿದರೆ ಆ ಮನೆಯೊಡತಿಯ ಮುಂದೆ ನಿಲ್ಲುವ ಧೈರ್ಯ ಯಾವ ಎಂಜಿನಿಯರಿಗೂ ಇರುವುದಿಲ್ಲ.

ಬಿದಿರಿನ ಸೀಳು ಈಗಲೂ ಕೆಲವರ ಕೈಯಲ್ಲಿದೆ. ಮನೆಯ ಚೇಂಬರಿನಿಂದ ಮುಖ್ಯ ಕೊಳವೆಯವರೆಗಿನ ಸಣ್ಣ ದೂರಕ್ಕೆ ಅದು ಸರಿ. ಬೀದಿಯ ಕೊಳವೆಗೆ ಬೇಡ. ಒಳಗೆ ಮುರಿದರೆ ಅದೇ ಹೊಸ ತಡೆ.

ಮಳೆ ನಕ್ಷತ್ರ ನೋಡಿ ಕೆಲಸ ಹಂಚಿ

ದೂರುಗಳ ಹಳೆಯ ಪುಸ್ತಕ ತೆಗೆದು ಮ್ಯಾನ್‌ಹೋಲ್ ಸಂಖ್ಯೆಯ ಪ್ರಕಾರ ಎಣಿಸಿ ನೋಡಿ. ಹತ್ತಾರು ಬೀದಿಗಳ ಜಾಲದಲ್ಲಿ ಮತ್ತೆ ಮತ್ತೆ ಕಟ್ಟುವ ಜಾಗಗಳು ಕೆಲವೇ. ಅವು ಒಂದೋ ಇಳಿಜಾರು ಕಡಿಮೆಯಾದ ತಿರುವು, ಒಂದೋ ಹೋಟೆಲಿನ ಕೆಳಗಡೆ, ಒಂದೋ ಅರಳಿಮರದ ಬುಡ. ಅವನ್ನು ಕೆಂಪು ಶಾಯಿಯಲ್ಲಿ ಬರೆದು, ದೂರು ಬರಲಿ ಬಾರದಿರಲಿ, ಮೂರು ತಿಂಗಳಿಗೊಮ್ಮೆ ತೊಳೆಯಿರಿ. ಉಳಿದ ಬೀದಿಗಳಿಗೆ ವರ್ಷಕ್ಕೊಂದು ಸಲ ಸಾಕಾಗಬಹುದು. ಎಲ್ಲ ಬೀದಿಗೂ ಸಮಾನವಾಗಿ ಲಾರಿ ಕಳಿಸುವುದು ನ್ಯಾಯದಂತೆ ಕಾಣುತ್ತದೆ, ಆದರೆ ಡೀಸೆಲ್ ದಂಡ.

ವರ್ಷದ ದೊಡ್ಡ ಶುಚಿ ಕೆಲಸ ಸಂಕ್ರಾಂತಿಯ ನಂತರ ಶುರುವಾಗಿ, ರೋಹಿಣಿ ಮಳೆ ಹನಿಯುವ ಮೊದಲು, ಅಂದರೆ ಮೇ ತಿಂಗಳ ಮೂರನೇ ವಾರಕ್ಕೆ, ಮುಗಿಯಬೇಕು. ಆಗ ಅಂತರ್ಜಲ ಕೆಳಗಿರುತ್ತದೆ, ಹೂಳು ಕೈಗೆ ಸಿಗುತ್ತದೆ, ಜೋಡಣೆ ದುರಸ್ತಿಗೆ ಅಗೆದ ಹೊಂಡದಲ್ಲಿ ನೀರು ನಿಲ್ಲುವುದಿಲ್ಲ. ಮೃಗಶಿರ ಹಿಡಿದ ಮೇಲೆ ಕಾರವಾರದ ಉಸುಕು ನೆಲದಲ್ಲಿ ಎರಡು ಮೀಟರ್ ಅಗೆಯಲು ಹೋಗಿ ನೋಡಿ, ಬದಿಗಳು ತಾವಾಗಿಯೇ ಒಳಗೆ ಬರುತ್ತವೆ.

ಮಳೆಗಾಲದಲ್ಲಿ ಮಾಡುವ ಕೆಲಸ ಬೇರೆ: ಬೇಡದ ನೀರು ಎಲ್ಲಿಂದ ಬರುತ್ತದೆಂದು ಹುಡುಕುವುದು. ಒಳಚರಂಡಿ ಇರುವುದು ಪಾಯಖಾನೆ, ಬಚ್ಚಲು, ಅಡುಗೆಮನೆಯ ನೀರಿಗೆ. ಮಳೆ ನೀರಿಗೆ ಗಟಾರ ಇದೆ. ಆದರೆ ಅಂಗಳದಲ್ಲಿ ನೀರು ನಿಂತರೆ ಮನೆಯವರು ಚೇಂಬರಿನ ಮುಚ್ಚಳ ಸರಿಸುತ್ತಾರೆ, ಬೀದಿಯಲ್ಲಿ ನಿಂತರೆ ಬೀದಿಯವರು ಮ್ಯಾನ್‌ಹೋಲಿನ ಮುಚ್ಚಳವನ್ನೇ ಎತ್ತುತ್ತಾರೆ. ನೀರಿನೊಡನೆ ಉಸುಕು ಒಳಗೆ ಹೋಗುತ್ತದೆ, ಕೆಳಗಿನ ಕೇರಿಯವರ ಬಚ್ಚಲಿನಲ್ಲಿ ಕೊಳಚೆ ಏಳುತ್ತದೆ. ಇದಕ್ಕಿಂತ ದೊಡ್ಡ ಅಪಾಯ ತೆರೆದ ಬಾಯಿ: ಮೊಣಕಾಲು ನೀರಿನಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಕೇರಿಯವರಿಗೆ ಮೇ ತಿಂಗಳಲ್ಲೇ ಹೇಳಿಟ್ಟು, ಬೀದಿಯ ಗಟಾರವನ್ನು ಒಳಚರಂಡಿಗಿಂತ ಮೊದಲು ಶುಚಿ ಮಾಡಿ. ಗಟಾರ ಹರಿದರೆ ಮುಚ್ಚಳಕ್ಕೆ ಯಾರೂ ಕೈಹಾಕುವುದಿಲ್ಲ.

ಮಾಡಿನ, ಅಂದರೆ ಮನೆಯ ಚಾವಣಿಯ, ನೀರಿನ ಕೊಳವೆಯನ್ನು ಗುಟ್ಟಾಗಿ ಚೇಂಬರಿಗೆ ಕೊಟ್ಟವರನ್ನು ಹಿಡಿಯಲು ವಾದ ಬೇಕಿಲ್ಲ. ಫ್ಲೋರೆಸೀನ್ ಎಂಬ ಹಸಿರು ಬಣ್ಣ ಚಿಟಿಕೆಯಷ್ಟು ಒಂದು ಬಕೆಟ್ ನೀರಿಗೆ ಬೆರೆಸಿ ಆ ಮಾಡಿನ ದೋಣಿಗೆ ಸುರಿಯಿಸಿ. ಒಬ್ಬರು ಕೆಳಗಿನ ಮ್ಯಾನ್‌ಹೋಲ್ ನೋಡುತ್ತಿರಲಿ. ಹಸಿರು ಬಂದರೆ ಮಾತು ಮುಗಿಯಿತು. ದಂಡದ ನೋಟಿಸಿಗಿಂತ ಅಂದೇ ಒಂದು ಪೈಪು ತಿರುಗಿಸಿ ಗಟಾರಕ್ಕೆ ಬಿಡಿಸುವುದು ಮೇಲು ಎನ್ನುವುದು ನನ್ನ ಅನುಭವ.

ರಾತ್ರಿ ಮೂರು ಗಂಟೆಯ ನೀರು

ಕರಾವಳಿಯ ಒಳಚರಂಡಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಒಂದು ಲೆಕ್ಕ ನೆನಪಿಡಿ. ಕೊಳವೆ ತನ್ನನ್ನು ತಾನೇ ತೊಳೆದುಕೊಳ್ಳಲು ನೀರು ಸೆಕೆಂಡಿಗೆ ಕನಿಷ್ಠ 0.6 ಮೀಟರ್ ವೇಗದಲ್ಲಿ ಹರಿಯಬೇಕು. 200 ಮಿಲಿಮೀಟರ್ ಕೊಳವೆಗೆ ಅದಕ್ಕಾಗಿ ಸುಮಾರು 250 ಮೀಟರಿಗೆ ಒಂದು ಮೀಟರ್ ಇಳಿಜಾರು ಬೇಕು. ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಕೊಳವೆ ನಾಲ್ಕು ಮೀಟರ್ ಇಳಿದಿರುತ್ತದೆ. ಕೋಡಿಬಾಗದಿಂದ ಬೈತಖೋಲದವರೆಗೆ ಸಮುದ್ರಕ್ಕೆ ಅಂಟಿಕೊಂಡ ಕಾರವಾರದಂಥ ಊರಿನಲ್ಲಿ, ಒಂದು ಬದಿ ಕಾಳಿ ನದಿ, ಒಂದು ಬದಿ ಕಡಲು ಇರುವಾಗ, ನಾಲ್ಕು ಮೀಟರ್ ಕೆಳಗೆ ಏನಿರುತ್ತದೆಂದು ಬಾವಿ ತೋಡಿದ ಯಾರನ್ನಾದರೂ ಕೇಳಿ. ಕೊಳವೆ ನೀರಿನೊಳಗೇ ಮಲಗಿರುತ್ತದೆ. ಸಡಿಲವಾದ ಪ್ರತಿ ಜೋಡಣೆಯಿಂದಲೂ ಅಂತರ್ಜಲ ಒಳಗೆ ಬರುತ್ತದೆ, ಸುತ್ತಲಿನ ಉಸುಕನ್ನೂ ತರುತ್ತದೆ. ಉಸುಕು ಹೋದಲ್ಲಿ ನೆಲ ಟೊಳ್ಳಾಗಿ, ಒಂದು ದಿನ ರಸ್ತೆ ಕುಸಿಯುತ್ತದೆ. ರಸ್ತೆಯಲ್ಲಿ ತಟ್ಟೆಯಷ್ಟು ತಗ್ಗು ಕಂಡರೆ ಡಾಂಬರು ಸುರಿದು ಮುಚ್ಚುವ ಮೊದಲು ಕೆಳಗಿನ ಕೊಳವೆ ನೋಡಿ.

ಸೋರಿಕೆ ಪತ್ತೆಗೆ ಕ್ಯಾಮೆರಾ ಯಂತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ರಾತ್ರಿ ಎರಡರಿಂದ ನಾಲ್ಕರ ನಡುವೆ ಟಾರ್ಚು ಹಿಡಿದು ಹೊರಡಿ. ಊರು ಮಲಗಿದ ಹೊತ್ತಿನಲ್ಲಿ ಬಚ್ಚಲಿನ ನೀರು ಇರುವುದಿಲ್ಲ. ಆಗಲೂ ಮ್ಯಾನ್‌ಹೋಲಿನಲ್ಲಿ ತಿಳಿಯಾದ ನೀರು ಸದ್ದು ಮಾಡಿ ಹರಿಯುತ್ತಿದ್ದರೆ ಅದು ನೆಲದ ನೀರು. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮ್ಯಾನ್‌ಹೋಲ್ ನೋಡುತ್ತ ಹೋದರೆ, ಹರಿವು ಥಟ್ಟನೆ ಕಡಿಮೆಯಾಗುವ ಜಾಗ ಸಿಗುತ್ತದೆ. ಸೋರಿಕೆ ಅದಕ್ಕೂ ಅದರ ಕೆಳಗಿನದಕ್ಕೂ ನಡುವೆ. ಇದನ್ನು ಅಮಾವಾಸ್ಯೆ ಅಥವಾ ಹುಣ್ಣಿಮೆಯ ದೊಡ್ಡ ಉಬ್ಬರದ ಹೊತ್ತಿಗೊಮ್ಮೆ, ಇಳಿತದ ಹೊತ್ತಿಗೊಮ್ಮೆ ಮಾಡಿ. ಉಬ್ಬರದಲ್ಲಿ ಹೆಚ್ಚಿ ಇಳಿತದಲ್ಲಿ ಇಳಿದರೆ ಬರುತ್ತಿರುವುದು ಕಡಲಿನ ಅಥವಾ ಅಳಿವೆಯ ನೀರು. ಸಂಶಯವಿದ್ದರೆ ಕುಡಿಯುವ ನೀರು ಪರೀಕ್ಷಿಸುವ ಸಣ್ಣ ಟಿಡಿಎಸ್ ಮೀಟರ್ ತನ್ನಿ, ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ಅದು ಹೇಳುತ್ತದೆ. ಮನೆಯ ಕೊಳಚೆ ಸಾಮಾನ್ಯವಾಗಿ ಲೀಟರಿಗೆ ಕೆಲವು ನೂರು ಮಿಲಿಗ್ರಾಂ ತೋರಿಸುತ್ತದೆ. ಸಮುದ್ರದ ನೀರಿನಲ್ಲಿ ಸುಮಾರು 35,000 ಇದೆ. ಅದರ ಸಣ್ಣ ಪಾಲು ಬೆರೆತರೂ ಮೀಟರು ಹೇಳಿಬಿಡುತ್ತದೆ.

ಉಪ್ಪುನೀರು ಸೇರಿದರೆ ಪಂಪಿನ ಕರೆಂಟ್ ಬಿಲ್ಲು ಏರುವುದಷ್ಟೇ ಅಲ್ಲ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಹೆಚ್ಚು. ಗಾಳಿಯಿಲ್ಲದ ಕೊಳಚೆಯಲ್ಲಿ ಬ್ಯಾಕ್ಟೀರಿಯಾ ಅದನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ, ಆ ಅನಿಲ ಮೇಲೆದ್ದು ಒದ್ದೆ ಕಾಂಕ್ರೀಟಿನ ಮೇಲೆ ಗಂಧಕಾಮ್ಲವಾಗುತ್ತದೆ. ಮ್ಯಾನ್‌ಹೋಲಿನ ಮೇಲ್ಭಾಗದ ಗೋಡೆಯಲ್ಲಿ ಗಾರೆ ಪುಡಿಪುಡಿಯಾಗಿ ಉದುರಿ ಕಬ್ಬಿಣ ಕಾಣುತ್ತಿದ್ದರೆ, ಆದರೆ ನೀರು ಮುಟ್ಟುವ ಕೆಳಭಾಗ ಗಟ್ಟಿಯಾಗಿದ್ದರೆ, ಕಾರಣ ಇದೇ. ಮೇಲಿಂದ ಸಿಮೆಂಟು ಬಳಿದರೆ ಅದೂ ಹೋಗುತ್ತದೆ. ಮೊದಲು ಉಪ್ಪುನೀರು ಬರುವ ದಾರಿ ಮುಚ್ಚಿ, ಆಮೇಲೆ ಆಮ್ಲ ತಡೆಯುವ ಲೇಪನದ ಮಾತು.

ಜಿಡ್ಡು

ಘಟ್ಟದ ಮೇಲೆ ಇಳಿಜಾರಿಗೆ ಕೊರತೆ ಇಲ್ಲ. ಶಿರಸಿಯ ಏರುತಗ್ಗಿನಲ್ಲಿ ಅತಿ ವೇಗದ ನೀರು ಕೊಳವೆ ಸವೆಸುವುದೇ ಚಿಂತೆ. ಆದರೆ ಅಲ್ಲೂ ಹೋಟೆಲ್ ಸಾಲಿನ ಕೆಳಗೆ ಕಟ್ಟುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್, ಜನವರಿಯ ಶಿರಸಿಯ ಚಳಿಯಲ್ಲಿ ಪಾತ್ರೆ ತೊಳೆದ ಬಿಸಿನೀರಿನ ಜೊತೆ ಹೋದ ಎಣ್ಣೆ ಒಂದೆರಡು ಮ್ಯಾನ್‌ಹೋಲ್ ದಾಟುವಷ್ಟರಲ್ಲಿ ಬಿಳಿ ಪದರವಾಗಿ ಅಂಟಿರುತ್ತದೆ. ಹಾಗಾಗಿ ಅಲ್ಲಿಯ ಹೋಟೆಲ್ ಸಾಲನ್ನು ಚಳಿ ಹಿಡಿಯುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತೊಳೆಯಿರಿ. ಕಾರವಾರದಲ್ಲಿ ಎಣ್ಣೆ ಅಷ್ಟು ಗಟ್ಟಿಯಾಗುವುದಿಲ್ಲ, ಆದರೆ ಮೀನಿನ ಹುರುಪೆ, ಸಿಗಡಿ ಸಿಪ್ಪೆ, ತೆಂಗಿನ ನಾರು ಜಿಡ್ಡಿಗೆ ಹತ್ತಿಕೊಂಡು ಹಗ್ಗದಂತೆ ಹೊಸೆದುಕೊಳ್ಳುತ್ತವೆ.

ಮದ್ದು ಹೋಟೆಲಿನ ಹಿಂಬದಿಯಲ್ಲೇ ಇದೆ. ಜಿಡ್ಡು ಹಿಡಿಯುವ ತೊಟ್ಟಿ ಕಟ್ಟಿಸಿ. ಅದಕ್ಕಿಂತ ಮುಖ್ಯ, ಕಟ್ಟಿದ್ದನ್ನು ಖಾಲಿ ಮಾಡಿಸಿ. ತೇಲುವ ಜಿಡ್ಡು ಮತ್ತು ತಳದ ಗಸಿ ಸೇರಿ ತೊಟ್ಟಿಯ ಆಳದ ಕಾಲು ಭಾಗ ತಲುಪಿದರೆ ತೆಗೆಯಲೇಬೇಕು. ವ್ಯಾಪಾರ ಪರವಾನಗಿ ನವೀಕರಣಕ್ಕೆ ಬಂದಾಗ ಕಾಗದ ನೋಡುವುದರ ಜೊತೆಗೆ ಹೋಗಿ ತೊಟ್ಟಿಯ ಮುಚ್ಚಳ ಎತ್ತಿ ನೋಡಿ. ಹೊಸ ತೊಟ್ಟಿ ಥಳಥಳ ಹೊಳೆಯುತ್ತಿದ್ದರೆ ಅದಕ್ಕೆ ನೀರಿನ ಸಂಪರ್ಕವೇ ಇಲ್ಲವೆಂದು ತಿಳಿಯಿರಿ.

ಪಂಪ್ ಮನೆ

ಕರೆಂಟ್ ಹೋದರೆ ವೆಟ್‌ವೆಲ್, ಅಂದರೆ ಪಂಪು ಎತ್ತುವ ಮೊದಲು ಕೊಳಚೆ ಬಂದು ತುಂಬುವ ಬಾವಿ, ಉಕ್ಕಲು ಎಷ್ಟು ಹೊತ್ತು ಬೇಕು ಎಂದು ಆಪರೇಟರನ್ನು ಕೇಳಿ. ‘ಆಗುತ್ತದೆ ಸರ್, ಸ್ವಲ್ಪ ಹೊತ್ತು’ ಎಂದರೆ ನೀವೇ ಅಳೆಯಿರಿ. ಬೆಳಗ್ಗೆ ಏಳರಿಂದ ಒಂಬತ್ತರ ನಡುವೆ, ಬಳಕೆ ಜೋರಾಗಿರುವಾಗ, ಪಂಪು ನಿಲ್ಲಿಸಿ ನೀರು ಏರುವುದನ್ನು ಗಡಿಯಾರ ಹಿಡಿದು ನೋಡಿ. ಬಾವಿಯ ವ್ಯಾಸ ಮೂರು ಮೀಟರ್ ಇದ್ದರೆ ಹತ್ತು ಸೆಂಟಿಮೀಟರ್ ಏರಿಕೆಗೆ ಸುಮಾರು 700 ಲೀಟರ್. ಅಷ್ಟಕ್ಕೆ ಎರಡು ನಿಮಿಷ ಹಿಡಿದರೆ ಒಳಹರಿವು ನಿಮಿಷಕ್ಕೆ 350 ಲೀಟರ್. ಉಕ್ಕುವ ಮಟ್ಟಕ್ಕೆ ಇನ್ನು ಒಂದೂವರೆ ಮೀಟರ್ ಇದ್ದರೆ ನಿಮ್ಮ ಕೈಯಲ್ಲಿರುವುದು ಅರ್ಧ ಗಂಟೆ. ಮಳೆಯಲ್ಲಿ ಅದಕ್ಕೂ ಕಡಿಮೆ. ಆರಿದ್ರಾ ಮಳೆಯ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಜನರೇಟರ್ ಅಷ್ಟರೊಳಗೆ ಓಡಲೇಬೇಕು. ವಾರಕ್ಕೊಮ್ಮೆ ಖಾಲಿ ಓಡಿಸಿ ಸದ್ದು ಕೇಳಿದರೆ ಸಾಲದು, ಪಂಪಿನ ಹೊರೆ ಕೊಟ್ಟು ಓಡಿಸಿ.

ಎರಡು ಪಂಪುಗಳ ಗಂಟೆ ಮೀಟರನ್ನು ದಿನವೂ ಬರೆಸಿ. ಮಳೆಯಿಲ್ಲದ ವಾರದಲ್ಲಿ ಒಂದರ ಗಂಟೆ ಮೆಲ್ಲನೆ ಏರುತ್ತಿದ್ದರೆ ಅದರ ಇಂಪೆಲ್ಲರಿಗೆ, ಅಂದರೆ ನೀರು ತಳ್ಳುವ ಚಕ್ರಕ್ಕೆ, ಬಟ್ಟೆ ಸುತ್ತಿದೆ ಅಥವಾ ಅದು ಸವೆದಿದೆ. ಮಳೆ ಬಂದ ದಿನ ಎರಡೂ ಜಿಗಿದರೆ ಬಣ್ಣದ ಬಕೆಟ್ ಹಿಡಿದು ಮಾಡುಗಳ ಕಡೆ ಹೊರಡಿ. ಜಾಲರಿಯ ಕಸ ದಿನವೂ ತೆಗೆಯಬೇಕು, ನೀರಿನ ಮಟ್ಟ ನೋಡಿ ಪಂಪು ಚಾಲೂ ಮಾಡುವ ಫ್ಲೋಟ್ ಸ್ವಿಚ್ಚಿಗೆ ಜಿಡ್ಡು ಹತ್ತದಂತೆ ವಾರಕ್ಕೊಮ್ಮೆ ನೀರು ಹೊಡೆಯಬೇಕು.

ಬಿಲ್ಲಿಗೆ ಸಹಿ ಹಾಕುವ ಮೊದಲು

ಶುಚಿ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರೆ ಫೋಟೋ ನೋಡಿ ತೃಪ್ತರಾಗಬೇಡಿ. ಲಾರಿ, ಪೈಪು, ನಗುವ ಮುಖ ಎಲ್ಲ ಫೋಟೋದಲ್ಲೂ ಒಂದೇ ಥರ ಇರುತ್ತವೆ. ಕನ್ನಡಿ ಪರೀಕ್ಷೆ ಮಾಡಿಸಿ. ಒಂದು ಮ್ಯಾನ್‌ಹೋಲಿನಲ್ಲಿ ಕೊಳವೆಯ ಮಟ್ಟಕ್ಕೆ ಕೋಲಿಗೆ ಕಟ್ಟಿದ ಟಾರ್ಚು ಇಳಿಸಿ, ಮುಂದಿನದರಲ್ಲಿ ಓರೆಯಾಗಿ ಕಟ್ಟಿದ ಕನ್ನಡಿ ಇಳಿಸಿ, ಮೇಲೆ ನಿಂತೇ ಕನ್ನಡಿಯಲ್ಲಿ ನೋಡಿ. ಬೆಳಕಿನ ವೃತ್ತ ಪೂರ್ತಿ ಕಂಡರೆ ಕೊಳವೆ ಶುಚಿ ಮತ್ತು ನೇರ. ಕೆಳಭಾಗ ಕತ್ತರಿಸಿದಂತೆ ಕಂಡರೆ ಹೂಳು ಉಳಿದಿದೆ. ಮೇಲ್ಭಾಗ ಕತ್ತರಿಸಿದ್ದರೆ ಕೊಳವೆ ನಡುವೆ ಕುಸಿದು ಬಾಗಿದೆ, ಅದು ತೊಳೆದು ಸರಿಯಾಗುವ ರೋಗವಲ್ಲ. ಬೇರಿನ ಜಾಳು ಕಂಡರೆ ಆ ಜೋಡಣೆಯನ್ನು ಮುಂದಿನ ಬೇಸಿಗೆಯ ದುರಸ್ತಿ ಪಟ್ಟಿಗೆ ಸೇರಿಸಿ.

ಇನ್ನೊಂದು ವಿಷಯ ತೆಗೆದ ಹೂಳಿನದು. ಮ್ಯಾನ್‌ಹೋಲಿನ ಪಕ್ಕದಲ್ಲೇ ಗುಡ್ಡೆ ಹಾಕಿ ‘ಒಣಗಿದ ಮೇಲೆ ಒಯ್ಯುತ್ತೇವೆ’ ಎನ್ನುತ್ತಾರೆ. ನಾಯಿ ಕೆದಕುತ್ತದೆ, ಮಕ್ಕಳು ತುಳಿಯುತ್ತಾರೆ, ಉಳಿದದ್ದು ಮೊದಲ ಮಳೆಗೆ ಅದೇ ಬಾಯಿಯಿಂದ ಒಳಗೆ ಹೋಗುತ್ತದೆ. ಎಷ್ಟು ಹೂಳು ತೆಗೆದರು, ಯಾವ ಲಾರಿಯಲ್ಲಿ ಎಲ್ಲಿಗೆ ಸಾಗಿಸಿದರು ಎಂಬುದು ಮ್ಯಾನ್‌ಹೋಲ್ ಸಂಖ್ಯೆಯ ಸಮೇತ ಅದೇ ದಿನ ಪುಸ್ತಕದಲ್ಲಿ ಬರೆದಿರಬೇಕು. ಬರೆಯದ ಹೂಳಿಗೆ ಹಣ ಕೊಡಬೇಡಿ.